ಕತ್ತರಿ ಇಡದೆ ಬಿಟ್ಟ ಹಳದಿ ದಾರ

ಮಧ್ಯಾಹ್ನದ ಊಟ ಮುಗಿದ ಮೇಲೆ ನಾನು ಸೊಸೆಯ ಕೋಣೆಗೆ ಹೋಗಿ ಕೂರುತ್ತೇನೆ. ಚಾಮರಾಜನಗರದ ನಮ್ಮ ಮನೆಯಲ್ಲಿ ಆ ಹೊತ್ತಿಗೆ ತಂಪಾಗಿರುವುದು ಅದೊಂದೇ ಕೋಣೆ. ಅವಳು ಕಿಟಕಿಯ ಪಕ್ಕ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುತ್ತಿರುತ್ತಾಳೆ. ನಾನು ಗೋಡೆಗೆ ಒರಗಿ, ಕಾಲು ಚಾಚಿ, ಪರದೆಯ ಮೇಲೆ ಇಳಿಯುವ ಉದ್ದುದ್ದ ಅಂಕಿಗಳನ್ನು ನೋಡುತ್ತೇನೆ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವನು ನಾನು. ಅವು ಏನೆಂದು ನನಗೆ ತಿಳಿಯದು. ನೋಡುತ್ತ ನೋಡುತ್ತ ಕಣ್ಣು ಮಂಜಾಗುತ್ತದೆ. ಅಂಕಿಗಳು ಸಾಲು ಬಿಟ್ಟು ಮೆಲ್ಲಗೆ ತೂಗತೊಡಗುತ್ತವೆ, ಗಳಕ್ಕೆ ಕಟ್ಟಿದ ಈರುಳ್ಳಿ ಕಂತೆಗಳು ಗಾಳಿಗೆ ತೂಗಿದ ಹಾಗೆ. ಆಮೇಲೆ ನಾನು ಆ ಕೋಣೆಯಲ್ಲಿ ಇರುವುದಿಲ್ಲ. ಗುಂಡ್ಲುಪೇಟೆಯ ಹೆದ್ದಾರಿ ಪಕ್ಕದ ಉದ್ದನೆಯ ಚಪ್ಪರದೊಳಗೆ ಇರುತ್ತೇನೆ.

ಹೋದ ವರ್ಷದವರೆಗೂ ನಾನು ಅದರ ಕಾವಲಿನವನಾಗಿದ್ದೆ. ಸುತ್ತಲಿನ ರೈತರು ಬಿತ್ತನೆಗೆಂದು ಇಟ್ಟುಕೊಂಡ ಸಣ್ಣ ಈರುಳ್ಳಿಯನ್ನು, ನಾಟಿಯ ಹೊತ್ತು ಬರುವ ತನಕ, ಅಲ್ಲಿ ತಂದು ತೂಗುಹಾಕುತ್ತಿದ್ದರು. ಮೇಲೆ ತಗಡಿನ ಸೂರು, ಸುತ್ತ ಬಿದಿರಿನ ಗೋಡೆ. ಕಂಬದಿಂದ ಕಂಬಕ್ಕೆ ಒಂದೊಂದು ಅಂಕಣ, ಒಂದೊಂದು ಅಂಕಣಕ್ಕೂ ಎದುರಿಗೆ ಬಿದಿರಿನ ತಟ್ಟಿ. ಬಿದಿರಿನ ಸಂದಿಯಿಂದ ಬಿಸಿಲು ಪಟ್ಟೆಪಟ್ಟೆಯಾಗಿ ಒಳಗೆ ಬೀಳುತ್ತಿತ್ತು. ಆ ಪಟ್ಟೆಗಳಲ್ಲಿ ಉದುರಿದ ಈರುಳ್ಳಿ ಸಿಪ್ಪೆಗಳು ತೇಲುತ್ತಿದ್ದವು. ಅಷ್ಟು ಹಗುರವಾದ ನೇರಳೆ ಬಣ್ಣವನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೊರಗೆ ಕೇರಳದ ಕಡೆ ಹೋಗುವ ಲಾರಿಗಳು ಗುಡುಗುತ್ತಿದ್ದರೆ ಒಳಗೆ ಆ ಸಿಪ್ಪೆಗಳು ಯಾವ ಅವಸರವೂ ಇಲ್ಲದೆ ನೆಲ ಮುಟ್ಟುತ್ತಿದ್ದವು.

ಒಂದು ದಿನ ಸೊಸೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ಕೇಳಿದಳು.

"ಏನ್ ಮಾವ, ದಿನಾ ಬಂದು ಹಿಂಗೆ ನೋಡ್ತೀರಿ. ಸಿನಿಮಾ ಏನಾರ ಕಾಣ್ತದಾ ಇದ್ರಲ್ಲಿ?"

"ಅದೇನ್ ಕೆಲ್ಸ ಮಾಡ್ತೀಯವ್ವ ನೀನು? ಮಗ ಏನೇನೋ ಏಳ್ತಾನೆ, ನಂಗೆ ತಲೆಗೇ ಅತ್ತಲ್ಲ."

"ಅವ್ರಿಗೇ ಅರ್ಥ ಆಗಿಲ್ಲ, ಇನ್ನು ನಿಮ್ಗೇನ್ ಹೇಳಿರ್ತಾರೆ," ಎಂದು ನಕ್ಕು, ತನ್ನ ಫೋನನ್ನು ಕೈಗೆ ತೆಗೆದುಕೊಂಡಳು. "ಇದ್ರೊಳಗೆ ಒಬ್ಬ ಕಾವಲಿನೋನು ಅವ್ನೆ ಅಂದ್ಕೊಳಿ. ಕರ್ನೆಲ್ ಅಂತಾರೆ, ಮಿಲ್ಟ್ರಿ ಕರ್ನಲ್ ಅಲ್ಲ. ಫೋಟೋ ತಗಿಯೋದು, ಹಾಡು ಹಾಡೋದು, ಎಲ್ರೂ ಬಂದು ಅವ್ನ ಹತ್ರ ಜಾಗ ಕೇಳ್ತಾರೆ. ಅವ್ನು ಮೆಮೊರಿ ಅನ್ನೋ ನೆನಪಿನ ಬೀದೀಲಿ ಒಂದ್ ಮನೆ ಕೊಟ್ಟು, ಮನೆ ನಂಬರು ಕೈಗಿಡ್ತಾನೆ. ಕೆಲ್ಸ ಮುಗುದ್ ಮೇಲೆ ಮನೆ ವಾಪಸ್ ತಕ್ಕೊಂಡು ಇನ್ನೊಬ್ರಿಗೆ ಕೊಡ್ತಾನೆ."

"ಸರಿ, ಕೊಡ್ಲಿ. ಅದ್ರಲ್ಲೇನು?"

"ಹಳಬನ ಹತ್ರ ಹಳೇ ನಂಬರು ಉಳ್ಕಂಡಿರ್ತದಲ್ಲ ಮಾವ. ಅವ್ನು ಮರ್ತು ಅದೇ ಮನೆಗೆ ನುಗ್ತಾನೆ. ಅಲ್ಲಿ ಈಗ ಬೇರೆಯವ್ರು ಇರ್ತಾರೆ. ಅವ್ರ ಪಾತ್ರೆ ಎತ್ಕೊಂಡ್ ಹೋಗ್ಬುಡ್ತಾನೆ."

ನಾನು ನೆಟ್ಟಗೆ ಕೂತೆ.

"ಅದ್ಕೆ ಒಂದ್ ಉಪಾಯ ಅದ," ಎಂದಳು. "ನಂಬರ್ ಬರೆಯಾಕೆ ಅರವತ್ನಾಲ್ಕು ಖಾನೆ ಇದ್ದಾವೆ. ಅಷ್ಟುದ್ದ ಬೀದಿ ಯಾರ ಹತ್ರಾನೂ ಇಲ್ಲ. ಮೇಲಿನ ಖಾನೆಗಳು ಸುಮ್ನೆ ಖಾಲಿ. ಖಾಲಿ ಯಾಕ್ ಬುಡೋದು ಅಂತ ಅಲ್ಲೊಂದು ಗುರುತು ಇಡ್ತೀವಿ. ಅದೇ ಗುರುತು ಮನೆಗೂ ಇರ್ತದೆ. ಮನೆ ಹುಡುಕೋವಾಗ ಆ ಗುರುತು ಯಾರೂ ನೋಡಲ್ಲ, ನಂಬರ್ ಸಾಕು. ಬಾಗ್ಲು ತೆಗಿಯೋವಾಗ ಮಾತ್ರ ನೋಡೋದು. ಎರಡೂ ಒಂದೇ ಆಗಿದ್ರೆ ಒಳಕ್ಕೆ. ಇಲ್ಲಾಂದ್ರೆ ಅಲ್ಲೇ ನಿಲ್ಸೋದು."

"ನಿಲ್ಲು ನಿಲ್ಲು," ಎಂದೆ. "ಇದು ನಮ್ ಚಪ್ಪರದ ದಾರ ಕಣವ್ವ!"

ನಮ್ಮಲ್ಲಿ ಅಂಕಣ ಹಿಡಿದ ರೈತನಿಗೆ ತಗಡಿನ ಒಂದು ಬಿಲ್ಲೆ ಕೊಡುತ್ತಿದ್ದೆವು. ಬಿಲ್ಲೆಯ ಕೆಳಭಾಗದಲ್ಲಿ ಅಂಕಣದ ಸಂಖ್ಯೆ. ಮೇಲ್ಭಾಗ ಖಾಲಿ, ಮೊಳೆಗೆ ನೇತುಹಾಕಲು ಅಲ್ಲೊಂದು ತೂತು ಮಾತ್ರ. ಆ ತೂತಿಗೆ ಒಂದು ಬಣ್ಣದ ದಾರ ಕಟ್ಟುತ್ತಿದ್ದೆವು, ಅದೇ ಬಣ್ಣದ ದಾರವನ್ನು ಅಂಕಣದ ಕಂಬಕ್ಕೂ. ರೈತ ತನ್ನ ಈರುಳ್ಳಿ ಒಯ್ದು ಅಂಕಣ ಖಾಲಿಯಾದ ಮೇಲೆ ಕಂಬದ ದಾರವನ್ನು ಕತ್ತರಿಸಿ ಹಾಕಿ, ಮುಂದೆ ಬರುವವನಿಗೆ ಬೇರೆ ಬಣ್ಣ ಕಟ್ಟಬೇಕು. ಆಗ ಹಳೆಯ ಬಿಲ್ಲೆ ಯಾರದೋ ಅಂಗಿ ಜೇಬಿನಲ್ಲಿ ಉಳಿದಿದ್ದರೂ ಭಯವಿಲ್ಲ. ಸಂಖ್ಯೆ ನೋಡಿಕೊಂಡು ಅಂಕಣದವರೆಗೂ ಬರಬಹುದು, ತಟ್ಟಿ ಬಿಚ್ಚುವಾಗ ದಾರ ಹೊಂದುವುದಿಲ್ಲ.

ಇದನ್ನೆಲ್ಲ ಹೇಳಿದಾಗ ಸೊಸೆಯ ಮುಖ ಅರಳಿತು. ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದಳು. ಎಂದಿನಂತೆ ನನ್ನಿಂದ ಮಾಡಿಸಲಿಲ್ಲ. ತನ್ನ ಜೊತೆ ಕೆಲಸ ಮಾಡುವವರಿಗೆ ಈ ದಾರದ ಕತೆಯನ್ನು ಹೇಳಲೇಬೇಕು ಎಂದಳು. "ಒಂದ್ ಸಾರ್ತಿನಾದ್ರೂ ತಪ್ಪಿತ್ತಾ ಮಾವ?" ಎಂದು ಕೇಳಿದಳು.

"ಇಲ್ಲ ಕಣಮ್ಮಿ," ಎಂದೆ.

ಸುಳ್ಳು ಹೇಳುವಾಗ ನನ್ನ ದನಿ ನಡುಗಲಿಲ್ಲ. ಒಂದು ವರ್ಷದಿಂದ ರೂಢಿಯಾಗಿತ್ತು.

ನಡೆದದ್ದು ಹೀಗೆ. ದಾರದಲ್ಲಿ ನಮಗೆ ಇದ್ದದ್ದು ಕೆಂಪು, ಹಸಿರು, ನೀಲಿ, ಬಿಳಿ. ಕಪ್ಪನ್ನು ದೃಷ್ಟಿಗೆ ಕಟ್ಟುತ್ತಾರೆಂದು ರೈತರು ಮುಟ್ಟುತ್ತಿರಲಿಲ್ಲ. ಹೋದ ವರ್ಷ ನೂಕುನುಗ್ಗಲಿನ ಒಂದು ದಿನ ಬಣ್ಣದ ಉಂಡೆಗಳೆಲ್ಲ ಮುಗಿದು ಬಿಳಿಯದೊಂದೇ ಉಳಿದಿತ್ತು. ಬಾಗಿಲ ಪಕ್ಕದ ಅಂಕಣದಲ್ಲಿ ಆಗ ತಾನೇ ಖಾಲಿಯಾದದ್ದೂ ಬಿಳಿಯ ದಾರದ್ದೇ. ಹೊಸಬನಿಗೆ ಮತ್ತೆ ಬಿಳಿ ಕಟ್ಟುವ ಹಾಗಿರಲಿಲ್ಲ. ನಮ್ಮ ಕಡೆ ಅರಿಶಿನಕ್ಕೆ ಬರವೇ? ಪಕ್ಕದ ಕಣದಿಂದ ಒಂದಿಷ್ಟು ಪುಡಿ ತಂದು, ಲೋಟದಲ್ಲಿ ನೀರಿಗೆ ಕಲಸಿ, ಬಿಳಿಯ ದಾರವನ್ನು ಅದರಲ್ಲಿ ಅದ್ದಿದೆ. ದಾರ ಹಳದಿಯಾಯಿತು. ಕಂಬಕ್ಕೂ ಬಿಲ್ಲೆಗೂ ಕಟ್ಟಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಕೆಲವು ವಾರಗಳ ನಂತರ ಆ ರೈತ ಈರುಳ್ಳಿ ಎಲ್ಲವನ್ನೂ ಒಯ್ದ. ಬಿಲ್ಲೆ ಎಲ್ಲೋ ಬಿದ್ದುಹೋಯಿತು ಎಂದ. ಹಾಗೆ ಹೇಳುವವರು ಎಷ್ಟೋ ಜನ, ನಾನು ತಲೆಕೆಡಿಸಿಕೊಳ್ಳಲಿಲ್ಲ. ಕತ್ತರಿ ತೆಗೆದುಕೊಂಡು ಕಂಬದ ಹತ್ತಿರ ಹೋದೆ.

ಕತ್ತರಿ ಮೇಲೇಳಲಿಲ್ಲ.

ನನ್ನ ಹೆಂಡತಿ ಅರಿಶಿನದ ದಾರಕ್ಕೆ ಎಂದೂ ಕತ್ತರಿ ಇಟ್ಟವಳಲ್ಲ. ಪೂಜೆಯಲ್ಲಿ ಕೈಗೆ ಕಟ್ಟಿಕೊಂಡದ್ದಾದರೂ ಗಂಟು ಬಿಚ್ಚಿ, ಗಿಡದ ಬುಡದಲ್ಲಿ ಹಾಕುತ್ತಿದ್ದಳು. ಅದು ಕತ್ತರಿಸುವ ವಸ್ತುವಲ್ಲ, ಮನೆಗೆ ಕೇಡು ಎನ್ನುತ್ತಿದ್ದಳು. ಅವಳು ತೀರಿಹೋಗಿ ಬಹಳ ಕಾಲವಾಗಿದೆ. ಆದರೂ ಆ ಮಧ್ಯಾಹ್ನ, ಸಿಪ್ಪೆಗಳು ತೇಲುವ ಆ ಬಿಸಿಲಿನ ಪಟ್ಟೆಯಲ್ಲಿ, ಅವಳು ಕಂಬದ ಆಚೆ ನಿಂತು ನನ್ನ ಕೈಯನ್ನೇ ನೋಡುತ್ತಿರುವ ಹಾಗೆ ಅನ್ನಿಸಿತು. ಉಗುರು ಹಾಕಿ ಗಂಟು ಬಿಚ್ಚಲು ನೋಡಿದೆ. ಬಿಗಿದುಹೋಗಿತ್ತು. ನಾಳೆ ಬಿಚ್ಚಿದರಾಯಿತು ಎಂದುಕೊಂಡು ಕತ್ತರಿಯನ್ನು ಗೂಟಕ್ಕೆ ಸಿಕ್ಕಿಸಿದೆ. ಸಂಜೆ ಇನ್ನೊಬ್ಬ ರೈತ ಆ ಅಂಕಣ ಕೇಳಿಕೊಂಡು ಬಂದ. ಕಂಬದಲ್ಲಿ ಹಳದಿ ಇದ್ದೇ ಇತ್ತು. ಹೊಸ ಬಿಲ್ಲೆಗೂ ಹಳದಿಯನ್ನೇ ಕಟ್ಟಿ ಕೊಟ್ಟೆ. ನಾಳೆ ಎನ್ನುವುದು ಬರಲಿಲ್ಲ. ದಾರ ಬದಲಾಯಿಸುವುದು ಕಾವಲಿನವನ ಕೆಲಸ. ಅವನು ಬದಲಾಯಿಸಿದನೋ ಇಲ್ಲವೋ ಎಂದು ನೋಡುವವರು ಚಪ್ಪರದಲ್ಲಿ ಯಾರೂ ಇರಲಿಲ್ಲ.

ತಟ್ಟಿ ಬಿಚ್ಚಿ ಮಾಲು ಕೊಡುವ ಕೆಲಸ ಒಬ್ಬ ಹೆಂಗಸಿನದು. ಕುದೇರಿನವಳು, ಗಂಡನ ಜೊತೆ ಗುಂಡ್ಲುಪೇಟೆಯಲ್ಲಿ ಬಾಡಿಗೆಗಿದ್ದಳು. ನನ್ನನ್ನು ಅಣ್ಣ ಎನ್ನುತ್ತಿದ್ದಳು. ಬಿಲ್ಲೆ ಹಿಡಿದು ಬಂದವರನ್ನು ಗೋಳು ಹೊಯ್ದುಕೊಳ್ಳದೆ ಬಿಡುತ್ತಿರಲಿಲ್ಲ. "ಏನಣ್ಣೋ, ನಿನ್ ದಾರ ನೀಲಿ, ಕಂಬದ್ದು ಅಸ್ರು. ಎಂಡ್ತಿ ಸೀರೆ ಸರಗಿಂದ ಕಿತ್ಕಂಡ್ ಬಂದಾ?" ಎಂದು ಕೇಳಿ ಎಲ್ಲರನ್ನೂ ನಗಿಸುವಳು. ಆ ದಿನಗಳಲ್ಲಿ ಅವಳ ಗಂಡ ಆಸ್ಪತ್ರೆಯಲ್ಲಿದ್ದ. ಅವಳು ಹಗಲು ಚಪ್ಪರದಲ್ಲಿ, ರಾತ್ರಿ ಅವನ ಹಾಸಿಗೆಯ ಪಕ್ಕ.

ಅಂಥ ಒಂದು ದಿನ ಬಿಲ್ಲೆ ಕಳೆದುಕೊಂಡಿದ್ದ ಮೊದಲನೆಯ ರೈತನ ತಮ್ಮ ಬಂದ. ಮನೆಯಲ್ಲಿ ಹಳೆಯ ಬಿಲ್ಲೆ ಸಿಕ್ಕಿದೆ, ಅಣ್ಣ ಇನ್ನೂ ಒಂದಿಷ್ಟು ಬಿಟ್ಟಿರಬೇಕು ಎಂದುಕೊಂಡು ಬಂದವನು. ಮೋಸವೇನೂ ಇಲ್ಲ. ಅವಳು ಸಂಖ್ಯೆ ನೋಡಿದಳು, ಸರಿ ಇತ್ತು. ದಾರ ನೋಡಿದಳು, ಹಳದಿಗೆ ಹಳದಿ. ತಟ್ಟಿ ಬಿಚ್ಚಿ ಇದ್ದ ಕಂತೆಗಳನ್ನೆಲ್ಲ ಕೊಟ್ಟು, ಬಿಲ್ಲೆಯನ್ನು ವಾಪಸ್ ಪಡೆದು ಮೊಳೆಗೆ ಹಾಕಿದಳು. ನಾನು ಆಗ ಚಹಾ ಕುಡಿಯಲು ಹೋಗಿದ್ದೆ.

ಎರಡನೆಯ ರೈತ ನಾಟಿಗೆ ಆಳುಗಳನ್ನು ಹೇಳಿಟ್ಟು ಗಾಡಿ ತಂದಾಗ ಅವನ ಅಂಕಣದಲ್ಲಿ ಒಣಸೊಪ್ಪು ಬಿಟ್ಟು ಬೇರೇನೂ ಇರಲಿಲ್ಲ. ಅವನು ಕೂಗಾಡುತ್ತಿದ್ದ. ಚಪ್ಪರದ ಯಜಮಾನರನ್ನು ಕರೆದುಕೊಂಡು ಬರುತ್ತೇನೆಂದು ನಾನು ಹೊರಟೆ. ಹೋಗುವ ದಾರಿಯಲ್ಲೇ ಬಿಲ್ಲೆಗಳ ಮೊಳೆಗಳು. ವಾಪಸ್ ಬಂದ ಬಿಲ್ಲೆಯ ಮೇಲೆ ಹಳದಿ ದಾರ ತೂಗುತ್ತಿತ್ತು. ಆಗ ನನ್ನ ಕೈ ಒಂದು ಗಳಿಗೆಯೂ ತಡೆಯಲಿಲ್ಲ. ಗೂಟದಿಂದ ಕತ್ತರಿ ತೆಗೆದು, ಆ ಹಳದಿಯನ್ನು ಕಚ್ಚನೆ ಕತ್ತರಿಸಿ, ಜೇಬಿಗೆ ಹಾಕಿಕೊಂಡು, ಬಿಲ್ಲೆಗೆ ಹೊಸದಾಗಿ ತರಿಸಿದ್ದ ಕೆಂಪು ಕಟ್ಟಿದೆ. ನನ್ನ ಹೆಂಡತಿ ಕಂಬದ ಆಚೆ ಇದ್ದಳೋ ಇಲ್ಲವೋ, ನಾನು ಆ ಕಡೆ ನೋಡಲಿಲ್ಲ.

ಯಜಮಾನರು ಬಂದು, "ಯಾರು ಬಿಚ್ಚಿದ್ದು ತಟ್ಟೀನ?" ಎಂದರು.

"ನಾನೇ ಯಜಮಾನ್ರೇ," ಎಂದಳು ಅವಳು. "ದಾರ ನೋಡೇ ಬಿಚ್ಚಿದೆ. ಅಳದಿ ಇತ್ತು."

ನಾನು ಬಿಲ್ಲೆಯನ್ನು ಮೊಳೆಯಿಂದ ತೆಗೆದು ಎತ್ತಿ ಹಿಡಿದೆ. ಕಂಬದಲ್ಲಿ ಹಳದಿ, ಬಿಲ್ಲೆಯಲ್ಲಿ ಕೆಂಪು.

ಅವಳು ಹತ್ತಿರ ಬಂದಳು. ದಾರವನ್ನು ಬೆರಳಿಂದ ಮುಟ್ಟಿದಳು. ನನ್ನ ಮುಖ ನೋಡಿದಳು, ಮತ್ತೆ ದಾರ ನೋಡಿದಳು. "ಅಣ್ಣ, ನಂಗೆ ಅಳದಿ ಕಂಡದ್ದು ಕಣಣ್ಣ," ಎಂದಳು, ಬಹಳ ಸಣ್ಣ ದನಿಯಲ್ಲಿ.

"ನಿದ್ದೆಗೆಟ್ಟು ಕೆಲ್ಸಕ್ಕೆ ಬಂದ್ರೆ ಇನ್ನೇನ್ ಕಂಡದು?" ಎಂದೆ ನಾನು.

ಒಯ್ದ ಈರುಳ್ಳಿ ಅಷ್ಟರಲ್ಲಿ ನಾಟಿಯಾಗಿಹೋಗಿತ್ತು. ಯಜಮಾನರು ರೈತನಿಗೆ ತಮ್ಮ ಸ್ವಂತ ಬಿತ್ತನೆಯಿಂದ ಕೊಟ್ಟು ಕಳಿಸಿದರು. ಅವಳಿಗೆ ನಾಳೆಯಿಂದ ಬರಬೇಡ ಎಂದರು. ಅವಳು ತಟ್ಟಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದು ಹೋದಳು. ಗಂಡನನ್ನು ಆಸ್ಪತ್ರೆಯಿಂದ ಬಿಟ್ಟ ಮೇಲೆ ಕುದೇರಿಗೇ ಹೋಗಿಬಿಟ್ಟರೆಂದು ಕೇಳಿದೆ. ಆ ಹಂಗಾಮು ಮುಗಿದ ಮೇಲೆ ನನಗೂ ಮಂಡಿನೋವು ಹೆಚ್ಚಾಗಿ, ಕೆಲಸ ಬಿಟ್ಟು ಮಗನ ಮನೆಗೆ ಬಂದೆ.

ಇಷ್ಟನ್ನೂ ನಾನು ಯಾರಿಗೂ ಹೇಳದೆ ಕಾಲ ಕಳೆಯುತ್ತಿದ್ದೆನೇನೋ. ಆದರೆ ಮತ್ತೊಂದು ಮಧ್ಯಾಹ್ನ, ನಾನು ಎಂದಿನಂತೆ ಅರೆನಿದ್ದೆಯಲ್ಲಿ ಚಪ್ಪರದೊಳಗೆ ತೇಲುತ್ತಿದ್ದಾಗ, ಸೊಸೆ ಫೋನಿನಲ್ಲಿ ಯಾರ ಜೊತೆಗೋ ಜೋರಾಗಿ ಮಾತಾಡಿ ಇಟ್ಟಳು.

"ಏನವ್ವ ಗಲಾಟೆ?"

"ನೋಡಿ ಮಾವ, ಒಂದ್ ಪ್ರೋಗ್ರಾಂ ಪದೇ ಪದೇ ಬಿದ್ದೋಯ್ತಿತ್ತು. ಎಲ್ರೂ ಅದನ್ನೇ ಬೈಯ್ಯೋರು. ಅದ್ನ ಬರೆದ ಹುಡ್ಗಿಗೂ ತನ್ ಮೇಲೇ ಅನುಮಾನ ಬಂದು, ಬರೆದದ್ದೆಲ್ಲ ಅಳಿಸ್ಬುಟ್ಟು ಕೂತವ್ಳೆ. ಇವತ್ತು ನೋಡಿದ್ರೆ ತಪ್ಪು ಅವ್ಳದ್ದಲ್ವೇ ಅಲ್ಲ. ಕಾವಲಿನೋನು, ಕರ್ನೆಲ್ಲು, ಒಂದ್ ಜಾಗ ವಾಪಸ್ ತಕ್ಕೊಂಡಾಗ ಗುರುತು ಬದಲಾಯಿಸೋದೇ ಮರ್ತಿತ್ತು. ಹಳೇ ನಂಬರು ಬಂತು, ಗುರುತು ಸರಿಯಾಗೇ ಇತ್ತು, ಒಳಕ್ಕೆ ಬುಡ್ತು. ಅವ್ಳ ಪ್ರೋಗ್ರಾಂ ಇಟ್ಕೊಂಡಿದ್ದು ಹೋಯ್ತು. ಗಾಯ ಮಾಡಿದ್ದೊಂದ್ ಕಡೆ, ಬಿದ್ದದ್ದು ಇನ್ನೊಂದ್ ಕಡೆ."

"ಕಾವಲಿನೋನ್ನ ಯಾರೂ ನೋಡ್ಲಿಲ್ವಾ?"

"ಎಲ್ರನ್ನೂ ನೋಡೋನು ಅವ್ನು. ಅವ್ನ ಯಾರು ನೋಡ್ತಾರೆ? ಅದ್ಕೇ ಈಗ ಅವ್ನ ಕೆಲ್ಸಕ್ಕೂ ಗುರುತು ಹಾಕಿ ಪರೀಕ್ಷೆ ಮಾಡೋದು ನಾವು. ಕಾವಲಿನೋನು ಕೆಟ್ರೆ ಇಡೀ ಫೋನೇ ಕೆಟ್ಟಂಗೆ ಮಾವ."

ಬರೆದದ್ದೆಲ್ಲ ಅಳಿಸಿ ಕೂತ ಆ ಹುಡುಗಿಯನ್ನು ನಾನು ಕಂಡವನಲ್ಲ. ಆದರೆ ಅವಳು ಬೆರಳಿಂದ ದಾರ ಮುಟ್ಟಿ ನೋಡುತ್ತಿರುವುದು ನನಗೆ ಕಂಡಿತು. ಗೋಡೆಗೆ ಒರಗಿದ್ದಂತೆಯೇ ಎಲ್ಲವನ್ನೂ ಸೊಸೆಗೆ ಹೇಳಿದೆ. ಹಳದಿ, ಕತ್ತರಿ, ಕೆಂಪು, ಒಂದನ್ನೂ ಬಿಡಲಿಲ್ಲ. ಹೇಳುವಾಗ ಅವಳ ಮುಖ ನೋಡಲಾಗದೆ ಫ್ಯಾನಿನ ನೆರಳು ನೋಡುತ್ತಿದ್ದೆ.

ಅವಳು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. ಆಮೇಲೆ, "ಆ ಅಕ್ಕ ಈಗ ಎಲ್ಲವ್ರೆ ಮಾವ?" ಎಂದಳು.

ಮರುದಿನ ಸಂತೆಮರಹಳ್ಳಿಯ ಬಸ್ಸು ಹತ್ತಿದೆ. ಅಲ್ಲಿಳಿದು ಕುದೇರಿಗೆ ಆಟೋದಲ್ಲಿ ಹೋದೆ. ಭತ್ತದ ಗದ್ದೆಗಳ ಮೇಲೆ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ರಸ್ತೆ, ಮರ, ಎಮ್ಮೆಗಳು ಎಲ್ಲವೂ ಹಾಲಿನೊಳಗಿಂದ ಬಂದು ಹಾಲಿನೊಳಗೆ ಹೋಗುವ ಹಾಗಿತ್ತು. ಆಟೋ ಎಂದೂ ಊರು ಮುಟ್ಟದಿದ್ದರೆ ಚೆನ್ನ ಎಂದು ಅಂದುಕೊಂಡೆ.

ಅವಳ ಗಂಡ ಜಗಲಿಯ ಮೇಲೆ ಕೂತು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದ. ಮೈ ತುಂಬಿಕೊಂಡಿದ್ದ.

"ಬಾಣ್ಣ ಬಾ! ಏನ್ ದಾರಿ ತಪ್ಪಿ ಬಂದೆ?" ಎಂದ. "ನೋಡಿದ್ಯಾ ನನ್ ಗತಿ. ಕಲ್ಲು ಆರ್ಸೋದು ಗಂಡಸ್ರ ಕೆಲ್ಸ ಆಗೋಗದ ಈ ಮನೇಲಿ. ಅವಳು ಮುಟ್ಟದಿಲ್ಲ. ನನ್ ಕಣ್ ನಂಬಬ್ಯಾಡ ಅಂತಾಳೆ. ಬೆಳಿಗ್ಗೆ ಎದ್ದು ಸೀರೆ ಯಾವ್ ಬಣ್ಣ ಅಂತ ನನ್ನ ಕೇಳ್ತಾಳೆ ಕಣಣ್ಣ! ಒಂದಿನ ಬೇಕಂತ್ಲೇ ಅಸ್ರನ್ನ ಕೆಂಪು ಅಂದೆ, ಊಟ ಆಕ್ಲಿಲ್ಲ."

ಅವಳು ಒಳಗಿಂದ ನೀರು ತಂದು ಕೊಟ್ಟಳು. ಸಂತೆಮರಹಳ್ಳಿಯಲ್ಲಿ ಕಣ್ಣು ಪರೀಕ್ಷೆ ಮಾಡಿಸಿದಳಂತೆ. ಡಾಕ್ಟರು ಏನೂ ತೊಂದರೆಯಿಲ್ಲ ಎಂದರಂತೆ. "ಅವ್ರಿಗೇನ್ ಗೊತ್ತಣ್ಣ? ಅವತ್ತು ಕೆಂಪು ಅಳದಿಯಾಗಿ ಕಂಡದ್ದು ನಂಗಲ್ವಾ," ಎಂದಳು. ಕರೆದರೂ ಯಾರ ಹೊಲಕ್ಕೂ ಕಾಯಿ ಬಿಡಿಸಲು ಹೋಗುತ್ತಿಲ್ಲವಂತೆ. ಬಲಿತದ್ದು ಯಾವುದು, ಎಳೆಯದು ಯಾವುದು ಎಂದು ತಪ್ಪಿದರೆ ಎಂಬ ಹೆದರಿಕೆ.

ನೀರಿನ ಲೋಟವನ್ನು ಕೆಳಗಿಟ್ಟು ಹೇಳಿದೆ. "ಅಳದಿನೇ ಇತ್ತು ತಂಗಿ. ಕೆಂಪು ಕಟ್ಟಿದ್ದು ನಾನು."

ಗಂಡನ ಕೈ ಮೊರದಲ್ಲಿ ನಿಂತಿತು. ನಾನು ಉಳಿದದ್ದನ್ನೂ ಹೇಳಿದೆ. ಕಾಲಿಗೆ ಬೀಳಲು ಬಗ್ಗಿದೆ. ಅವಳು ಹಿಂದೆ ಸರಿದಳು.

"ಬೀಳ್ಬ್ಯಾಡ. ಬಿದ್ದು ನೀನು ಅಗುರಾಗ್ಬುಡ್ತೀಯ. ನಾನು?" ಎಂದಳು. "ಒಂದ್ ವರ್ಸ ನಾನು ಕಣ್ ಇದ್ದೂ ಕುಲ್ಡಿ ಆಗಿದ್ದೆ ಕಣ. ನಿದ್ದೆ ಇಲ್ದೆ ಹಿಂಗಾಯ್ತು ಅಂತ ಇವ್ನ ಮೇಲೆ ಸಿಟ್ಟು ಮಾಡ್ಕಂಡಿದ್ದೆ, ಕಾಯ್ಲೆ ಬಿದ್ದೋನ್ ಮೇಲೆ! ಮೂಲೇಲಿ ಬಂದು ನಂಗ್ ಏಳ್ಬುಟ್ರೆ ಆಗೋಯ್ತಾ? ನನ್ ಎಸ್ರು ಕೆಡಿಸಿದ್ದು ಎಲ್ರ ಮುಂದೆ. ಅಲ್ಲಿ ಬಂದು ಏಳು."

"ಯಾವಾಗ?"

"ಈಗ್ಲೇ. ನಡಿ, ಓಗನ."

ಗುಂಡ್ಲುಪೇಟೆಯ ಬಸ್ಸಿನಲ್ಲಿ ಗಂಡ ಹೆಂಡತಿ ಮುಂದೆ ಕೂತರು, ನಾನು ಹಿಂದೆ. ದಾರಿಯುದ್ದಕ್ಕೂ ಅವಳು ಕಿಟಕಿಯಿಂದ ಮುಖ ತೆಗೆಯಲಿಲ್ಲ. ಅರಿಶಿನದ ಹೊಲ, ಬಾಳೆ, ಚೆಂಡುಹೂವಿನ ಹೊಲ, ಒಂದರ ಹಿಂದೆ ಒಂದು ಹಿಂದಕ್ಕೆ ಜಾರುತ್ತಿದ್ದವು. ಅವನು ಒಮ್ಮೆ ಏನೋ ತಮಾಷೆ ಮಾಡಿದ. ಅವಳು ಅವನ ತೊಡೆಗೆ ಒಂದು ಏಟು ಕೊಟ್ಟಳು.

ಚಪ್ಪರದಲ್ಲಿ ಹೆಂಗಸರು ಈರುಳ್ಳಿ ರಾಶಿಯ ಸುತ್ತ ಕೂತು, ಮೊಳೆತದ್ದು, ಕೊಳೆತದ್ದು ಆರಿಸುತ್ತಿದ್ದರು. ಯಜಮಾನರು ತಕ್ಕಡಿಯ ಹತ್ತಿರ ಇದ್ದರು. ನಾನು ನಡುವೆ ನಿಂತು ಹೇಳಿದೆ. ಹೊರಗೆ ಒಂದು ಲಾರಿ ಹೋಗುತ್ತಿದ್ದುದರಿಂದ ನನ್ನ ಮಾತು ಕೇಳಿಸಲಿಲ್ಲ. "ಜೋರಾಗ್ ಏಳು," ಎಂದಳು ಅವಳು. ಮೊದಲಿನಿಂದ ಮತ್ತೆ ಹೇಳಿದೆ. ಮುಗಿಯುವ ಹೊತ್ತಿಗೆ ಎಲ್ಲರ ಕೈಗಳೂ ನಿಂತಿದ್ದವು.

ಯಜಮಾನರು ಮುಖ ತಿರುಗಿಸಿಕೊಂಡು, "ಆಗಿದ್ದು ಆಗೋಯ್ತು ಬುಡಯ್ಯ. ವಯಸ್ಸಾದ್ ಕಾಲದಲ್ಲಿ ಇದೆಲ್ಲ ಯಾಕೆ," ಎಂದರು. ನನಗೆ ಅದು ಕ್ಷಮೆಯಂತೆ ಕೇಳಿಸಲಿಲ್ಲ. ಇದು ತಮ್ಮ ಕಿವಿಗೆ ಬೀಳದಿದ್ದರೆ ಚೆನ್ನಾಗಿತ್ತು ಎನ್ನುವ ಹಾಗೆ ಇತ್ತು. ಆಮೇಲೆ ಅವಳಿಗೆ, "ಕೆಲ್ಸ ಬೇಕಾದ್ರೆ ಬಾರಮ್ಮ," ಎಂದರು.

ಅವಳು ತಟ್ಟಿಯ ಪಕ್ಕವೇ ನಿಂತಿದ್ದಳು. ರಾಶಿಯ ಬಳಿ ಇದ್ದ ಒಬ್ಬ ಮುದುಕಿ, "ನಿಂತ್ಕಂಡೇ ಇರ್ತೀಯಾ? ಕೂರಮ್ಮಿ," ಎಂದು ಪಕ್ಕಕ್ಕೆ ಸರಿದು ಗೋಣಿಚೀಲದ ಮೇಲೆ ಜಾಗ ಬಿಟ್ಟಳು. ಅವಳು ಕೂತಳು. ಸ್ವಲ್ಪ ಹೊತ್ತು ಕೈ ತೊಡೆಯ ಮೇಲೇ ಇತ್ತು. ಆಮೇಲೆ ಒಂದು ಈರುಳ್ಳಿ ತೆಗೆದುಕೊಂಡು, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಎಡಕ್ಕೆ ಎಸೆದಳು. ಇನ್ನೊಂದು ತೆಗೆದು ಬಲಕ್ಕೆ. ಮುದುಕಿ ಅವಳು ಎಸೆದದ್ದನ್ನು ಒಮ್ಮೆ ನೋಡಿ ತನ್ನ ಕೆಲಸಕ್ಕೆ ತಿರುಗಿದಳು. ಅವಳ ಗಂಡ ಆರಿಸಿಕೊಡಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಬಿದಿರಿನ ಸಂದಿಯ ಬಿಸಿಲು ಅವಳ ಕೈಗಳ ಮೇಲೆ ಬೀಳುತ್ತಿತ್ತು, ಆ ಕೈಗಳು ಬರಬರುತ್ತ ವೇಗವಾದವು. ಎಡಕ್ಕೆ, ಬಲಕ್ಕೆ, ಎಡಕ್ಕೆ. ಅವಳು ಯಾರನ್ನೂ ಕೇಳಲಿಲ್ಲ. ನನ್ನ ಕಡೆ ತಲೆಯೆತ್ತಲೂ ಇಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಹೆದ್ದಾರಿಗೆ ಬಂದು, ಚಾಮರಾಜನಗರದ ಬಸ್ಸಿಗೆ ಕೈ ಅಡ್ಡ ಹಾಕಿದೆ.